ಬೇರಿಂಗಿಗೆ ಎರಡೇ ರೂಪಾಯಿ ಅಂತ ಬರ್ದಿದೆಯಲ್ಲ!

ಓದುಗರ ಪ್ರಶ್ನೆ, ಕೌಂಟರಿನವನ ಉತ್ತರ

ಹೋದ ಸಂಚಿಕೆಲಿ "ಸ್ಪೇರ್ ಪಾರ್ಟ್ಸ್ ಅಂಗಡಿಲಿ ಆದ ಎಡವಟ್ಟು ಏನಾದ್ರೂ ಇದ್ರೆ ಬರೀರಿ" ಅಂತ ಒಂದು ಸಾಲು ಹಾಕಿದ್ದೆ. ಅಷ್ಟಕ್ಕೇ ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಸಿದ್ದಾಪುರ ಯಲ್ಲಾಪುರದಿಂದ ಎಲ್ಲಾ ಪತ್ರ ಬಂದು ಬಿದ್ದಿದೆ, ಗಿರಾಕಿಗಳೂ ಬರ್ದಿದಾರೆ ಕೌಂಟರಲ್ಲಿ ನಿಲ್ಲೋ ಹುಡುಗ್ರೂ ಬರ್ದಿದಾರೆ, ಒಬ್ಬೊಬ್ಬರದ್ದು ಓದ್ತಾ ಹೋದ್ರೆ ಎಲ್ಲರೂ ಸರಿ ಅನ್ಸತ್ತೆ. ನಾನು ಶಿರಸಿಲಿ ಕೌಂಟರ್ ಹಿಂದೆ ನಿಲ್ಲೋನು, ಹಾಗಾಗಿ ಪಕ್ಷಪಾತ ಸ್ವಲ್ಪ ಇರತ್ತೆ, ಸಹಿಸ್ಕೊಳ್ಳಿ. ಬೆಂಗಳೂರಲ್ಲಿ ತಪ್ಪು ಪಾರ್ಟ್ ಕೊಟ್ರೆ ಗಿರಾಕಿ ರಸ್ತೆ ದಾಟಿ ಬಂದು ಬದಲಾಯಿಸ್ಕೊಂಡು ಹೋಗ್ತಾನೆ, ನಮ್ಮಲ್ಲಿ ತಪ್ಪು ಪಾರ್ಟ್ ತಗೊಂಡು ಹೋದೋನು ವಾಪಸ್ ಬರೋಕೆ ದೇವಿಮನೆ ಘಟ್ಟನೋ ಅರಬೈಲ್ ಘಟ್ಟನೋ ಇನ್ನೊಂದು ಸಲ ಹತ್ತಬೇಕು, ಅಷ್ಟರಲ್ಲಿ ಮೇಸ್ತ್ರಿ ಬಿಚ್ಚಿಟ್ಟ ಗಾಡಿ ಹಾಗೇ ಮಳೇಲಿ ನೆನೀತಾ ಇರತ್ತೆ. ಕೌಂಟರಿನವ ಹತ್ತು ಪ್ರಶ್ನೆ ಕೇಳಿದಾಗ ಸಿಟ್ಟು ಬರೋರು ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ. ಊರು ಮಾತ್ರ ಇದೆ.

ಪ್ರಶ್ನೆ: ನನ್ನ ಬೈಕಿನ ಮುಂದಿನ ಚಕ್ರ ಕರಕರ ಅಂತಿತ್ತು, ಮೇಸ್ತ್ರಿ ಬೇರಿಂಗ್ ತರ್ಸಿ ಅಂದ. ಅಂಗಡಿಲಿ ಕೊಟ್ಟ ಬೇರಿಂಗಿನ ಮೇಲೆ ಇಂಗ್ಲಿಷಲ್ಲಿ 6301-2ಆರ್‌ಎಸ್ ಅಂತ ಸ್ಪಷ್ಟವಾಗಿ ಕೊರೆದಿದಾರೆ. ಆರ್‌ಎಸ್ ಅಂದ್ರೆ ರೂಪಾಯಿ ತಾನೇ? ಎರಡು ರೂಪಾಯಿ ಮಾಲಿಗೆ ನೂರರ ಮೇಲೆ ತಗೊಂಡ್ರು, ಕೇಳಿದ್ರೆ ಕೌಂಟರಲ್ಲಿದ್ದ ಇಬ್ರೂ ಬಿದ್ದು ಬಿದ್ದು ನಕ್ಕರು. ನಗೋದು ಎಂತಕ್ಕೆ? — ಹೊನ್ನಾವರ

ಉತ್ತರ: ನಕ್ಕಿದ್ದು ತಪ್ಪು, ಅವ್ರ ಪರವಾಗಿ ನಾನು ಕ್ಷಮೆ ಕೇಳ್ತೀನಿ, ಆದ್ರೆ ಈ ಪತ್ರ ಓದುವಾಗ ನಾನೂ ನಕ್ಕೆ ಅನ್ನೋದನ್ನ ಮುಚ್ಚಿಡೋಕೆ ಆಗಲ್ಲ. 2ಆರ್‌ಎಸ್ ಅಂದ್ರೆ ಎರಡೂ ಬದಿಗೆ ರಬ್ಬರ್ ಸೀಲ್ ಇದೆ ಅಂತ ಲೆಕ್ಕ. ಅದೇ ಜಾಗದಲ್ಲಿ ಝಡ್‌ಝಡ್ ಅಂತ ಇದ್ರೆ ಎರಡೂ ಬದಿಗೆ ತಗಡಿನ ಮುಚ್ಚಳ, ಏನೂ ಇಲ್ದಿದ್ರೆ ಒಳಗಿನ ಗುಂಡು ಬಯಲಿಗೇ ಕಾಣತ್ತೆ, ಗ್ರೀಸ್ ನೀವೇ ತುಂಬಬೇಕು. ನಿಮ್ಮೂರಲ್ಲಿ ಮಳೆಗಾಲಕ್ಕೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ ಹೊಡ್ಯತ್ತೆ, ಶರಾವತಿ ಹೊಳೆ ಬದಿ ರಸ್ತೇಲಿ ಅರ್ಧ ಚಕ್ರ ನೀರಲ್ಲೇ ಓಡತ್ತೆ, ಅಂಥ ಕಡೆ ರಬ್ಬರ್ ಸೀಲಿಂದೇ ಹಾಕ್ಬೇಕು, ಸರಿಯಾದ್ದನ್ನೇ ಕೊಟ್ಟಿದಾರೆ.

ನಂಬರಿನ ಕತೆ ಹೇಳಿಬಿಡ್ತೀನಿ, ಮುಂದೆ ಯಾರಾದ್ರೂ ನಕ್ಕರೆ ನೀವೇ ಅವ್ರಿಗೆ ಪಾಠ ಮಾಡಬಹುದು. ಕೊನೇ ಎರಡು ಅಂಕಿ ಒಳಗಿನ ತೂತಿನ ಅಳತೆ ಹೇಳತ್ತೆ. 00 ಅಂದ್ರೆ 10 ಮಿಲಿಮೀಟರ್, 01 ಅಂದ್ರೆ 12, 02 ಅಂದ್ರೆ 15, 03 ಅಂದ್ರೆ 17, ಅಲ್ಲಿಂದ ಮುಂದೆ ಐದರ ಮಗ್ಗಿ, 04 ಅಂದ್ರೆ 20, 05 ಅಂದ್ರೆ 25. ನಿಮ್ಮ 6301ರ ತೂತು 12 ಮಿಲಿಮೀಟರ್, ಹೊರಗಿನ ಸುತ್ತು 37. ಅದೇ 6201 ತಗೊಂಡ್ರೆ ತೂತು ಅದೇ 12, ಆದ್ರೆ ಹೊರಸುತ್ತು ಸಣ್ಣದು, ಚಕ್ರದ ನಡುವಿನ ಹಬ್ಬಿನಲ್ಲಿ ಕೂರಲ್ಲ ಲೊಡಲೊಡ ಅನ್ನತ್ತೆ. ಫೋನಲ್ಲಿ "ಅರವತ್ಮೂರು ಸೊನ್ನೆ ಒಂದು" ಅಂದಿದ್ದು "ಅರವತ್ತೆರಡು" ಅಂತ ಕೇಳಿ ಕಳ್ಸಿದ ಬೇರಿಂಗು ಎಷ್ಟು ಸಲ ಗೇರುಸೊಪ್ಪ ನೋಡ್ಕೊಂಡು ವಾಪಸ್ ಬಂದಿದೆಯೋ.

ಬೆಲೆ ನೋಡ್ಬೇಕಾಗಿದ್ದು ಡಬ್ಬಿ ಮೇಲೆ. ಎಲ್ಲಾ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಡಬ್ಬಿ ಮೇಲೆ ಅಚ್ಚಾಗಿರಬೇಕು ಅಂತ ಕಾನೂನೇ ಇದೆ, 2011ರ ಪೊಟ್ಟಣ ಸರಕುಗಳ ನಿಯಮ. ಡಬ್ಬಿ ಇಲ್ದೇ ಬರೀ ಪೇಪರಲ್ಲಿ ಸುತ್ತಿ ಕೊಟ್ರೆ ಅವಾಗ ಜಗಳ ಮಾಡಿ, ನಾನೂ ಬರ್ತೀನಿ.

ಪ್ರಶ್ನೆ: ಕಾರಿನ ಎಡಗಡೆ ಹೆಡ್‌ಲೈಟ್ ಒಡೆದಿತ್ತು. ನಾನು ಎದುರಿಗೆ ನಿಂತು ಸರಿಯಾಗಿ ನೋಡ್ಕೊಂಡೇ ಹೋಗಿ ಎಡಗಡೇದು ಕೊಡಿ ಅಂದೆ, ಕೊಟ್ರು, ಮನೇಲಿ ತಂದು ನೋಡಿದ್ರೆ ತಿರುಗಾಮುರುಗಾ. ವಾಪಸ್ ತಗೊಂಡು ಹೋದ್ರೆ "ನೀವೇ ಎಡ ಅಂದ್ರಲ್ಲ" ಅಂತಾರೆ. ಎಡ ಅಂದ್ರೆ ಎಡ ಅಲ್ವಾ? — ಕಾರವಾರ

ಉತ್ತರ: ನೀವು ನಿಂತ ಜಾಗ ತಪ್ಪು ಅಷ್ಟೇ. ಗಾಡಿಯ ಎಡ ಬಲ ಯಾವತ್ತೂ ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡೋನ ಎಡ ಬಲ. ಎದುರಿಗೆ ನಿಂತು ನೋಡಿದ್ರೆ ಉಲ್ಟಾ ಆಗತ್ತೆ. ಇದಕ್ಕೇ ಲಾರಿ ಬಸ್ಸಿನವ್ರು ಎಡ ಬಲ ಅನ್ನೋ ಶಬ್ದಾನೇ ಬಿಟ್ಟುಬಿಟ್ಟಿದಾರೆ, ಡ್ರೈವರ್ ಸೈಡ್ ಕ್ಲೀನರ್ ಸೈಡ್ ಅಂತಾರೆ, ಅದರಲ್ಲಿ ಗಲಾಟೆ ಇಲ್ಲ. ಕಾರಿಗೆ ಕ್ಲೀನರ್ ಎಲ್ಲಿಂದ ಬರ್ಬೇಕು ಅಂತ ಒಬ್ಬ ರಿಟೈರ್ಡ್ ಮಾಸ್ತರ್ರು ನನ್ನ ಹತ್ರ ವಾದ ಮಾಡಿದ್ರು, ಅವ್ರಿಗೆ "ಅಕ್ಕೋರು ಕೂರೋ ಸೈಡ್" ಅಂದೆ, ತಕ್ಷಣ ಅರ್ಥ ಆಯ್ತು.

ಕಷ್ಟ ಇರೋದು ಆಟೋರಿಕ್ಷಾದ್ದು. ಅಲ್ಲಿ ಡ್ರೈವರ್ ನಟ್ಟನಡುವೆ ಕೂತಿರ್ತಾನೆ, ಡ್ರೈವರ್ ಸೈಡ್ ಅಂದ್ರೆ ಯಾವ ಸೈಡು? ರಿಕ್ಷಾದವ್ರು ಪ್ಯಾಸೆಂಜರ್ ಹತ್ತೋ ಸೈಡ್ ಅಂತ ಹೇಳ್ತಾರೆ, ಅದು ನಡೆಯತ್ತೆ. ಅಂದಹಾಗೆ ಬೋರ್ಡಲ್ಲಿ "ಆಟೋ ಪಾರ್ಟ್ಸ್" ಅಂತ ಇದೆ ಅಂತ ನೋಡಿ ಇದು ರಿಕ್ಷಾದ್ದು ಮಾತ್ರ ಅಂದ್ಕೊಂಡು ಹೊರಗಿಂದಲೇ ತಿರುಗಿ ಹೋಗೋ ಕಾರಿನವ್ರು ಇವತ್ತಿಗೂ ಇದಾರೆ. ಬೋರ್ಡ್ ಬರೆಸಿದವ್ರು ಇದನ್ನ ಯೋಚ್ನೆ ಮಾಡ್ಬೇಕಿತ್ತು.

ಬೈಕಿನ ಕನ್ನಡಿದೂ ಒಂದು ಇದೆ ಹೇಳ್ಬಿಡ್ತೀನಿ. ಕೆಲವು ಬೈಕಿನ ಬಲಗಡೆ ಕನ್ನಡಿಗೆ ಥ್ರೆಡ್ ಉಲ್ಟಾ ಇರತ್ತೆ, ಬೇಕಂತಲೇ ಹಾಗೆ ಮಾಡಿರ್ತಾರೆ. ಗಿರಾಕಿ ಸೀದಾ ತಿರುಗಿಸಿ ತಿರುಗಿಸಿ ಕೂರದೇ ಇದ್ದಾಗ "ಡೂಪ್ಲಿಕೇಟ್ ಕೊಟ್ಟಿದೀರಿ" ಅಂತ ಬರ್ತಾನೆ. ಉಲ್ಟಾ ತಿರುಗಿಸಿ ತೋರಿಸಿದ್ರೆ ಮುಖ ಸಣ್ಣದಾಗತ್ತೆ. ಜೋರು ಮಾಡಿ ಥ್ರೆಡ್ ಹಾಳು ಮಾಡ್ಕೊಂಡು ಬಂದವ್ರಿಗೆ ಮಾತ್ರ ಏನೂ ಮಾಡೋಕೆ ಬರಲ್ಲ.

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ ಹೊಸ ಬೈಕ್ ತೆಗೆದುಕೊಟ್ವಿ. ಹೆಡ್‌ಲೈಟ್ ಆಫ್ ಆಗ್ತಾ ಇಲ್ಲ, ಸ್ವಿಚ್ಚೇ ಇಲ್ಲ, ಮೋಸ ಮಾಡಿದಾರೆ ಅಂತ ಒಬ್ರೇ ಶಿರಸಿ ಪೇಟೆಗೆ ಬಂದು ಅಂಗಡಿ ಅಂಗಡಿ ತಿರುಗಿ "ಸ್ವಿಚ್ ಕೊಡಿ" ಅಂತ ಕೇಳಿದಾರೆ. ಒಂದು ಕಡೆ ಯಾವುದೋ ಹಳೇ ಬೈಕಿನ ಸ್ವಿಚ್ ಕೊಟ್ಟು ಕಳ್ಸಿದಾರೆ, ಈಗ ಅದನ್ನ ಎಲ್ಲಿ ಹಾಕೋದು ಅಂತ ಮನೇಲಿ ದಿನಾ ರಗಳೆ. — ಹುಲೇಕಲ್ ಕಡೆ

ಉತ್ತರ: ಅದನ್ನ ಎಲ್ಲೂ ಹಾಕೋದು ಬೇಡ. 2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ತಯಾರಾಗೋ ಬೈಕು ಸ್ಕೂಟರಿಗೆ ಎಂಜಿನ್ ಚಾಲೂ ಆದ ತಕ್ಷಣ ಲೈಟು ತಾನಾಗೇ ಉರೀಬೇಕು ಅಂತ ನಿಯಮ ಬಂತು, ಎದುರು ಬರೋರಿಗೆ ಹಗಲು ಹೊತ್ತಲ್ಲೂ ಬೈಕ್ ಕಾಣ್ಲಿ ಅಂತ. ಹಾಗಾಗಿ ಆಫ್ ಮಾಡೋ ಸ್ವಿಚ್ಚನ್ನೇ ತೆಗೆದುಬಿಟ್ರು. ಇದು ಬಂದ ಹೊಸತರಲ್ಲಿ ನಮ್ಮ ಕೌಂಟರಲ್ಲಿ ದಿನಾ ಇದೇ ಭಾರತ. "ಬ್ಯಾಟರಿ ಖಾಲಿ ಆಗ್ತು ತಮಾ" ಅಂತ ಒಬ್ರು, "ಹಗಲು ದೀಪ ಹಚ್ಕಂಡು ಹೋಪದು ಯಾವ ಶಾಸ್ತ್ರ" ಅಂತ ಇನ್ನೊಬ್ರು, ರಸ್ತೇಲಿ ಎದುರು ಬರೋರೆಲ್ಲ ಕೈ ಮುಚ್ಚಿ ಬಿಚ್ಚಿ ಲೈಟ್ ಆನಿದೆ ಅಂತ ಸನ್ನೆ ಮಾಡ್ತಾರೆ ನಾಚಿಕೆ ಆಗತ್ತೆ ಅಂತ ಮತ್ತೊಬ್ರು. ಅಪ್ಪಯ್ಯನಿಗೆ ಹೇಳಿ, ಎಂಜಿನ್ ಓಡುವಾಗ ಚಾರ್ಜ್ ಆಗ್ತಾನೇ ಇರತ್ತೆ, ಬ್ಯಾಟರಿ ಖಾಲಿ ಆಗಲ್ಲ. ಘಟ್ಟದ ರಸ್ತೇಲಿ ಮಂಜು ಬಿದ್ದಾಗ ಆ ಲೈಟಿನ ಉಪಕಾರ ಗೊತ್ತಾಗತ್ತೆ.

ಸ್ವಿಚ್ ಮಾರಿದ ಅಂಗಡಿಯವ್ರ ಬಗ್ಗೆ ನಂಗೆ ನಿಜವಾಗ್ಲೂ ಸಿಟ್ಟಿದೆ. ಕೇಳಿದ್ದನ್ನ ಕೊಟ್ಟೆ ಅಂತ ಹೇಳ್ಕೊಳ್ಳೋದು ಸುಲಭ. "ಎಂತಕ್ಕೆ ಬೇಕು?" ಅಂತ ಒಂದು ಮಾತು ಕೇಳಿದ್ರೆ ಆ ಹಿರಿಯರು ಖಾಲಿ ಕೈಲಿ ಖುಷಿಯಾಗಿ ಮನೆಗೆ ಹೋಗ್ತಿದ್ರು. ಬಿಲ್ ಇದ್ರೆ ತಗೊಂಡು ಹೋಗಿ ವಾಪಸ್ ಕೊಡಿ.

ಇದೇ ಜಾತಿದು ಇನ್ನೊಂದು: 2020ರ ಏಪ್ರಿಲಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಿಗೆ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಆದ್ರೂ "ಕಾರ್ಬುರೇಟರ್ ಕಿಟ್ ಕೊಡಿ, ಗಾಡಿ ಹೊಸದು, 2022ರದ್ದು" ಅಂತ ಬರ್ತಾರೆ. ಇಲ್ಲದ ಅಂಗಕ್ಕೆ ಆಪರೇಷನ್ ಮಾಡೋಕೆ ಹೊರಟ ಮೇಸ್ತ್ರಿ ಯಾರು ಅಂತ ಕೇಳಿದ್ರೆ ಹೆಸರು ಹೇಳಲ್ಲ.

ಪ್ರಶ್ನೆ: ನಮ್ಮನೆಯವ್ರ ಕಾರು ಗ್ಯಾರೇಜಲ್ಲಿತ್ತು. ಮೇಸ್ತ್ರಿ ಇವ್ರಿಗೆ ಹೇಳಿದ್ದು ಬುಶ್, ಇವ್ರು ಫೋನಲ್ಲಿ ನಂಗೆ ಹೇಳಿದ್ರು, ನಾನು ಮದುವೆ ಊಟಕ್ಕೆ ಶಿರಸಿಗೆ ಹೋದವಳು, ಸುತ್ತ ವಾಲಗದ ಗದ್ದಲ, ನಂಗೆ ಕೇಳಿದ್ದು ಬ್ರಶ್. ಅಂಗಡಿಲಿ ಬ್ರಶ್ ಕೊಡಿ ಅಂದೆ. "ಸೆಲ್ಫ್ ಮೋಟರಿಂದಾ ಅಕ್ಕಾ?" ಅಂದ್ರು. ನಂಗೇನು ಗೊತ್ತು, ಹೌದು ಅಂದೆ. ಸಣ್ಣ ಕರೀ ತುಂಡು ಎರಡು ಕೊಟ್ರು. ಈಗ ತಪ್ಪು ನಂದು ಅಂತ ಇವ್ರು, ಫೋನಲ್ಲಿ ಸರಿ ಹೇಳಿಲ್ಲ ಅಂತ ನಾನು. ನೀವೇ ತೀರ್ಪು ಕೊಡಿ. — ಸಿದ್ದಾಪುರ

ಉತ್ತರ: ಗಂಡ ಹೆಂಡ್ತಿ ಮಧ್ಯೆ ತೀರ್ಪು ಕೊಡೋಷ್ಟು ಧೈರ್ಯ ನಂಗಿಲ್ಲ ತಂಗಿ, ಆದ್ರೆ ಕೌಂಟರಿನ ಹುಡುಗನಿಗೆ ದಂಡ ಹಾಕ್ತೀನಿ. ಮೇಸ್ತ್ರಿ ಹೇಳಿದ್ದು ಚಕ್ರದ ಹತ್ರ ಇರೋ ಲೋವರ್ ಆರ್ಮಿನ ರಬ್ಬರ್ ಬುಶ್ ಇರಬೇಕು, ನಿಮಗೆ ಸಿಕ್ಕಿದ್ದು ಗಾಡಿ ಚಾಲೂ ಮಾಡೋ ಸೆಲ್ಫ್ ಮೋಟರಿನ ಕಾರ್ಬನ್ ಬ್ರಶ್, ಎರಡಕ್ಕೂ ಸಂಬಂಧವೇ ಇಲ್ಲ. ಆ ಹುಡುಗ "ಸೆಲ್ಫ್ ಮೋಟರಿಂದಾ?" ಅಂತ ಕೇಳಿ ನಿಮ್ಮ ಬಾಯಿಂದ ಹೌದು ಅನ್ನಿಸ್ದ. ಕೌಂಟರಲ್ಲಿ ಹೀಗೆ ಕೇಳಲೇಬಾರದು, ಗೊತ್ತಿಲ್ಲದವ್ರು ಮರ್ಯಾದೆಗೆ ಅಂಜಿ ಹೌದು ಅಂದೇ ಅಂತಾರೆ. "ಗಾಡಿಗೆ ಏನಾಗಿದೆ ಅಕ್ಕಾ?" ಅಂತ ಕೇಳಿದ್ರೆ ನೀವು "ಹೊಂಡಕ್ಕೆ ಇಳಿದಾಗ ಕಟಕಟ ಅಂತಿತ್ತಂತೆ" ಅಂತ ಹೇಳಿರ್ತಿದ್ರಿ, ಅಲ್ಲಿಗೆ ಮುಗೀತಿತ್ತು.

ನಮ್ಮ ಕಡೆ ಎಡವಟ್ಟಿನ ಮೂಲ ಇಲ್ಲೇ ಇದೆ. ಗಾಡಿ ಬಿಚ್ಚಿದವನು ಹಳ್ಳೀಲಿ, ಪಾರ್ಟ್ ಇರೋದು ಪೇಟೇಲಿ, ತರೋಕೆ ಹೋದವ್ರು ಮದುವೆಗೋ ಆಸ್ಪತ್ರೆಗೋ ಸೊಸೈಟಿಗೆ ಅಡಿಕೆ ಹಾಕೋಕೋ ಹೋದ ಮೂರನೆಯವ್ರು. ಎಷ್ಟೋ ಸಲ ನಾಲ್ಕನೆಯವ್ರೂ ಇರ್ತಾರೆ, ಬಸ್ಸಿನ ಕಂಡಕ್ಟರ್, ಸಂಜೆ ಬಸ್ಸಿಗೆ ಕೊಟ್ಟುಬಿಡಿ ನಾವು ಸ್ಟಾಪಲ್ಲಿ ಇಸ್ಕೊಳ್ತೀವಿ ಅಂತ. ಮೇಸ್ತ್ರಿ ಬಾಯಿಂದ ಹೊರಟ ಮಾತು ನಮ್ಮ ಕೌಂಟರಿಗೆ ಬಂದು ಮುಟ್ಟುವಾಗ ಅದರ ಕೈಕಾಲು ಉಳಿದಿರಲ್ಲ.

ಹಳೇ ಪಾರ್ಟ್ ಇದ್ರೆ ತನ್ನಿ, ಅಷ್ಟು ಒಳ್ಳೇದು ಇನ್ನೊಂದಿಲ್ಲ. ಆದ್ರೆ ಹಳೇ ಪಾರ್ಟನ್ನ ದಪ್ಪ ಪೇಪರಲ್ಲಿ ಸುತ್ತಿ ಬೇರೆ ಚೀಲದಲ್ಲಿ ತನ್ನಿ ಮಾರಾಯ್ರೇ, ಗ್ರೀಸ್ ಮೆತ್ತಿದ ಕ್ಲಚ್ ಪ್ಲೇಟನ್ನ ಮಾರಿಕಾಂಬಾ ದೇವಸ್ಥಾನದ ಪ್ರಸಾದದ ಜೊತೆ ಒಂದೇ ಚೀಲದಲ್ಲಿ ತಂದವ್ರಿದಾರೆ, ನಮ್ಮ ಹುಡುಗನಿಗೆ ಕೈ ಮುಗೀಬೇಕೋ ಕೈ ಒರೆಸ್ಕೊಳ್ಬೇಕೋ ಗೊತ್ತಾಗಿಲ್ಲ. ಸ್ಯಾಂಪಲ್ ತನ್ನಿ ಅಂದಿದ್ದಕ್ಕೆ ಒಬ್ರು ಇಡೀ ಹಿಂದಿನ ಚಕ್ರ ಬಸ್ಸಿನ ಮೇಲೆ ಹಾಕ್ಕೊಂಡು ಬಂದಿದ್ರು, ಬೇಕಾಗಿದ್ದು ಅದರೊಳಗಿನ ಬ್ರೇಕ್ ಶೂ. ಬಿಚ್ಚೋಕೆ ಬರಲ್ಲ ಅಂದ್ರೆ ಮೇಸ್ತ್ರಿ ಹತ್ರ ಫೋಟೋ ಹೊಡೆಸಿ ವಾಟ್ಸ್ಯಾಪಿಗೆ ಹಾಕ್ಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಹೊಡೆದ್ರೆ ಇನ್ನೂ ಚಂದ.

ಕಾರಿಂದಾದ್ರೆ ಆರ್‌ಸಿ ಫೋಟೋ ಸಾಕು. ಅದರಲ್ಲಿರೋ 17 ಅಕ್ಷರ ಅಂಕಿಯ ಚಾಸಿಸ್ ನಂಬರ್ ಹಾಕಿ ನೋಡಿದ್ರೆ ಯಾವ ವರ್ಷ ಯಾವ ಎಂಜಿನ್ ಎಲ್ಲಾ ಸಿಗತ್ತೆ. ಫೋನಲ್ಲಿ ಓದಿ ಹೇಳೋರು ಒಂದು ತಿಳ್ಕೊಳ್ಳಿ, ಆ ನಂಬರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಬರೋದೇ ಇಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗ್ಬಾರ್ದು ಅಂತ ತೆಗೆದಿದಾರೆ, ಹಾಗಾಗಿ ಓ ಅಂತ ಕಂಡ್ರೆ ಅದು ಸೊನ್ನೆನೇ. ಬಿ ಮತ್ತು ಡಿ, ಎಂ ಮತ್ತು ಎನ್ ಫೋನಲ್ಲಿ ಒಂದೇ ಥರ ಕೇಳತ್ತೆ, ಅದಕ್ಕೆ ನಮ್ಮ ಅಂಗಡಿಲಿ ನಮ್ಮದೇ ಪದ್ಧತಿ ಇದೆ: ಎ ಅಂಕೋಲಾ, ಬಿ ಭಟ್ಕಳ, ಸಿ ಕ್ಯಾಸಲ್‌ರಾಕ್, ಡಿ ದಾಂಡೇಲಿ, ಜಿ ಗೋಕರ್ಣ, ಎಚ್ ಹೊನ್ನಾವರ, ಜೆ ಜೋಯಿಡಾ, ಕೆ ಕುಮಟಾ, ಎಂ ಮುಂಡಗೋಡ, ಎನ್ ನಿಲ್ಕುಂದ, ವೈ ಯಲ್ಲಾಪುರ. ಎಕ್ಸಿಗೂ ಝಡ್ಡಿಗೂ ಮಾತ್ರ ಜಿಲ್ಲೇಲಿ ಊರು ಸಿಕ್ಕಿಲ್ಲ, ಯಾರಿಗಾದ್ರೂ ಗೊತ್ತಿದ್ರೆ ಬರ್ದು ಕಳ್ಸಿ.

ಪ್ರಶ್ನೆ: ನಂದು ಟಾಟಾ ವಿಸ್ಟಾ ಡೀಸೆಲ್, ಕ್ವಾಡ್ರಾಜೆಟ್. ಒಂದು ಪಾರ್ಟಿಗೆ ಹೋದ್ರೆ "ಸ್ವಿಫ್ಟಿಂದು ಇದೆ, ಕೊಡ್ಲಾ" ಅಂತಾರೆ. ಅದೆಂಥ ಮಾತು? ಬೇರೆ ಕಂಪನಿ ಗಾಡಿದು ನಂಗೆ ಎಂತಕ್ಕೆ? ಬೈದು ಬಂದೆ. — ಅಂಕೋಲಾ

ಉತ್ತರ: ಬೈದಿದ್ದು ದಂಡ ಆಯ್ತು. ನಿಮ್ಮ ಗಾಡಿಯ 1.3 ಲೀಟರ್ ಡೀಸೆಲ್ ಎಂಜಿನ್ ಮೂಲದಲ್ಲಿ ಫಿಯಟ್ ಕಂಪನಿದು, ಅದೇ ಮನೆತನದ ಎಂಜಿನ್ನೇ ಸ್ವಿಫ್ಟಿಗೂ ಡಿಸೈರಿಗೂ ಬಂದಿತ್ತು, ಹೆಸರು ಮಾತ್ರ ಒಬ್ಬೊಬ್ರು ಒಂದೊಂದು ಇಟ್ಕೊಂಡ್ರು. ಹಾಗಾಗಿ ಕೆಲವು ಎಂಜಿನ್ ಪಾರ್ಟು ಇದಕ್ಕೂ ಅದಕ್ಕೂ ಕೂರತ್ತೆ, ಎಲ್ಲವೂ ಅಲ್ಲ, ಪಾರ್ಟ್ ನಂಬರ್ ತಾಳೆ ನೋಡ್ಲೇಬೇಕು. ಕೌಂಟರಿನವ್ರು ಅಷ್ಟು ಬಿಡಿಸಿ ಹೇಳಿದ್ರೆ ನೀವ್ಯಾಕೆ ಬೈತಿದ್ರಿ, ಅದೂ ನಿಜ.

ಪ್ರಶ್ನೆ: ನಮ್ಮ ದೋಣಿ ಎಂಜಿನ್ನಿನ ಬೆಲ್ಟ್ ಕಡಿದಿತ್ತು. ಅಂಗಡಿಲಿ ಹೊಸ ಹುಡುಗ, ಯಾವ ಗಾಡಿ ಅಂದ. ಗಾಡಿ ಅಲ್ಲ ದೋಣಿ ಅಂದೆ. ಕಂಪ್ಯೂಟರಲ್ಲಿ ದೋಣಿ ಇಲ್ಲ ಅಂದ! — ತದಡಿ

ಉತ್ತರ: ಕಂಪ್ಯೂಟರಲ್ಲಿ ದೋಣಿ ಇಲ್ಲ, ಅಡಿಕೆ ಸುಲಿಯೋ ಮಷೀನೂ ಇಲ್ಲ, ಕೊಳೆ ಔಷಧಿ ಹೊಡೆಯೋ ಪಂಪೂ ಇಲ್ಲ, ಆದ್ರೆ ನಮ್ಮ ಜಿಲ್ಲೇಲಿ ಪಾರ್ಟ್ಸ್ ಅಂಗಡಿಗೆ ಮಳೆಗಾಲದಲ್ಲಿ ಬರೋದೆಲ್ಲ ಇವೇ. ಅಡಿಕೆಗೆ ಬೋರ್ಡೋ ಅನ್ನೋ ಆ ಕೊಳೆ ಔಷಧಿ ಹೊಡೆಯೋ ದಿನ ಪಂಪಿನ ವಾಶರ್ ಹೋಗಿ, ಮರದ ಮೇಲೆ ಕೊನೆಗೌಡ, ಕೆಳಗೆ ಡ್ರಮ್ಮಲ್ಲಿ ಕಲಸಿಟ್ಟ ಔಷಧಿ, ಆ ಹೊತ್ತಲ್ಲಿ ಓಡಿ ಬಂದ ಹೆಗಡೇರ ಹತ್ರ ಹೋಗಿ ಹುಡುಗ "ಯಾವ ಮಾಡೆಲ್?" ಅಂತ ಕೇಳ್ತಾನೆ. ಸುಲಿಯೋ ಮಷೀನಿನ ಬೆಲ್ಟಿಗೆ ಬಂದ ಒಬ್ರನ್ನ ಹೀಗೇ ಯಾವ ಮಾಡೆಲ್ ಅಂತ ಕೇಳಿದ್ದಕ್ಕೆ "ಚಾಲಿ" ಅಂದ್ರು. ಹುಡುಗ ಚಾಲಿ ಅನ್ನೋ ಕಂಪನಿನ ಬಹಳ ಹೊತ್ತು ಹುಡುಕಿದ. ತಪ್ಪೇನೂ ಹೇಳಿಲ್ಲ ಅವ್ರು, ಒಣಗಿದ ಚಾಲಿ ಸುಲಿಯೋದಕ್ಕೂ ಹಸಿ ಅಡಿಕೆ ಸುಲಿಯೋದಕ್ಕೂ ಮಷೀನ್ ಬೇರೆ ಬೇರೆ ತಾನೇ.

ಬೆಲ್ಟಿಗೆ ಗಾಡಿ ಹೆಸರೇ ಬೇಡ. ವಿ-ಬೆಲ್ಟ್ ಆದ್ರೆ ಬೆನ್ನ ಮೇಲೆ ಎ ಅಥವಾ ಬಿ ಅಂತ ಒಂದು ಅಕ್ಷರ ಇರತ್ತೆ, ಅದು ದಪ್ಪ ಅಗಲದ್ದು, ಎಗಿಂತ ಬಿ ಅಗಲ. ಪಕ್ಕದ ಅಂಕಿ ಒಳಸುತ್ತಿನ ಉದ್ದ, ಇಂಚಲ್ಲಿ. ಬಿ-52 ಅಂದ್ರೆ ಬಿ ಅಗಲದ್ದು, 52 ಇಂಚು. ಅಕ್ಷರ ಅಳಿಸಿಹೋಗಿದ್ರೆ ಕಡಿದ ಬೆಲ್ಟನ್ನೇ ತನ್ನಿ, ಪುಲ್ಲಿ ಮೇಲೆ ಹಗ್ಗ ಸುತ್ತಿ ಅಳತೆ ತಂದ್ರೂ ಒಂದು ಅಂದಾಜಿಗೆ ಆಗತ್ತೆ. ಗೇಣಲ್ಲಿ ಅಳೆದು ಬರ್ಬೇಡಿ, ನಿಮ್ಮ ಗೇಣು ನಮ್ಮ ಗೇಣು ಬೇರೆ.

ಪ್ರಶ್ನೆ: ನನ್ನ ತಮ್ಮ ಗ್ಯಾರೇಜಿಗೆ ಹೊಸದಾಗಿ ಸೇರಿದಾನೆ. ಮೊದಲ ವಾರವೇ ಅವನನ್ನ "ಸೈಲೆನ್ಸರ್ ಆಯಿಲ್ ಅರ್ಧ ಲೀಟರ್ ತಗೊಂಡು ಬಾ" ಅಂತ ಅಂಗಡಿಗೆ ಕಳ್ಸಿದಾರೆ. ಅಂಗಡಿಯವ್ರು "ನಮ್ಮಲ್ಲಿ ಖಾಲಿ, ಮುಂದಿನ ಅಂಗಡಿಲಿ ಕೇಳು" ಅಂದಿದಾರೆ. ಮಧ್ಯಾಹ್ನದ ತನಕ ತಿರುಗಿದಾನೆ ಪಾಪ. — ಕುಮಟಾ

ಉತ್ತರ: ಸೈಲೆನ್ಸರಿಗೆ ಆಯಿಲ್ ಅನ್ನೋದೇ ಇಲ್ಲ, ಹೊಸಬರನ್ನ ಗೋಳು ಹೊಯ್ಕೊಳ್ಳೋ ತಮಾಷೆ ಅದು. ನಮ್ಮ ಹತ್ರ ಬರೋ ಹುಡುಗ್ರಿಗೆ ಒಂದು ಚಾ ಕುಡಿಸಿ ಖಾಲಿ ಬಾಟ್ಲಿಗೆ ಲೇಬಲ್ ಅಂಟಿಸಿ "ಇದನ್ನ ನಿಮ್ಮ ಯಜಮಾನ್ರಿಗೆ ಕೊಡು, ಐನೂರು ರೂಪಾಯಿ ಬಾಕಿ ಅಂತ ಹೇಳು" ಅಂತ ಕಳ್ಸ್ತೀನಿ. ನಿಮ್ಮ ತಮ್ಮನಿಗೂ ಹೇಳಿಕೊಡಿ.

ಪ್ರಶ್ನೆ: ಮಾವನ ಹಳೇ ಜೀಪಿನ ಬ್ರೇಕ್ ಆಯಿಲ್ ಕಡಿಮೆ ಆಗಿತ್ತು. ಅಂಗಡಿಗೆ ಹೋದ ಆಳು ಬರೀ "ಆಯಿಲ್" ಅಂತ ಕೇಳಿದಾನೆ, ಎಂಜಿನ್ ಆಯಿಲ್ ಕೊಟ್ಟಿದಾರೆ, ಮಾವ ಅದನ್ನೇ ಬ್ರೇಕಿನ ಡಬ್ಬಿಗೆ ಹೊಯ್ದಿದಾರೆ. ಸ್ವಲ್ಪ ಹೊಯ್ದಿದ್ದು, ಏನೂ ಆಗಲ್ಲ ಅಂತಾರೆ. ಓಡಿಸಬಹುದಾ? — ಯಲ್ಲಾಪುರ

ಉತ್ತರ: ಓಡಿಸಬೇಡಿ. ಈ ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ ಹೇಳಿದೀನಿ, ಬೇರೆಯವ್ರಿಗೂ ಗೊತ್ತಾಗ್ಲಿ ಅಂತ ಇಲ್ಲಿ ಹಾಕ್ತಾ ಇದೀನಿ. ಬ್ರೇಕ್ ಆಯಿಲ್ ಅಂತ ಬಾಯಲ್ಲಿ ಹೇಳ್ತೀವಿ ಹೊರತು ಡಬ್ಬಿ ಮೇಲೆ ಡಾಟ್ 3, ಡಾಟ್ 4 ಅಂತ ಇರೋ ಅದು ಎಂಜಿನ್ ಆಯಿಲಿನ ಜಾತಿಯೇ ಅಲ್ಲ, ಗ್ಲೈಕಾಲ್ ಜಾತಿದು. ಎಂಜಿನ್ ಆಯಿಲ್ ಅದರೊಳಗೆ ಹೋದ್ರೆ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಚಕ್ರದ ತನಕ ಇರೋ ರಬ್ಬರ್ ವಾಶರ್‌ಗಳು ಉಬ್ಬಿ ಮೆತ್ತಗಾಗ್ತವೆ, ಬ್ರೇಕ್ ಹಿಡ್ಕೊಂಡು ಬಿಡದೇ ಇರಬಹುದು, ಇಲ್ಲಾ ಪೆಡಲ್ ಸೀದಾ ಒಳಗೆ ಹೋಗಬಹುದು. ಇವತ್ತು ಸರಿ ಇದೆ ಅಂತ ಕಂಡ್ರೂ ನಾಳೆ ಅರಬೈಲ್ ಇಳಿಯುವಾಗ ಏನು ಅಂತ ಹೇಳೋಕಾಗಲ್ಲ. ಪೂರ್ತಿ ಖಾಲಿ ಮಾಡಿ ತೊಳೆದು, ರಬ್ಬರ್ ಎಲ್ಲಾ ಬದಲಾಯಿಸಿ, ಹೊಸ ಬ್ರೇಕ್ ಆಯಿಲ್ ತುಂಬಿ ಗಾಳಿ ತೆಗೀಬೇಕು. ಖರ್ಚು ಬರತ್ತೆ, ಮಾವ ಗೊಣಗ್ತಾರೆ, ಗೊಣಗ್ಲಿ.

ಇನ್ನೊಂದು ಏನಂದ್ರೆ ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಪಸೆ ಹೀರ್ಕೊಳ್ಳತ್ತೆ, ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಅರ್ಧ ಉಳಿದ ಬಾಟ್ಲಿನ ಅಟ್ಟದ ಮೇಲಿಟ್ಟು ಎರಡು ವರ್ಷ ಬಿಟ್ಟು ಹಾಕೋದು ಬೇಡ. ನೀರು ಸೇರಿದ್ದು ಘಟ್ಟ ಇಳಿಯುವಾಗ ಬಿಸಿಗೆ ಬೇಗ ಕುದಿಯತ್ತೆ, ಕುದ್ದು ಗುಳ್ಳೆ ಎದ್ರೆ ಪೆಡಲ್ ಒತ್ತಿದ್ರೂ ಬ್ರೇಕ್ ಹಿಡಿಯಲ್ಲ. ಬಣ್ಣದ ಮೇಲೆ ಚೆಲ್ಲಿದ್ರೆ ಬಣ್ಣವೂ ಏಳತ್ತೆ, ತಕ್ಷಣ ನೀರು ಹಾಕಿ ತೊಳೀರಿ. ಕೌಂಟರಿನ ಹುಡುಗ್ರಿಗೆ ನನ್ನ ಮಾತು: ಬರೀ "ಆಯಿಲ್" ಅಂದವ್ರಿಗೆ ಎಲ್ಲಿಗೆ ಹಾಕೋದು ಅಂತ ಕೇಳದೇ ಡಬ್ಬಿ ಕೈಗೆ ಕೊಡ್ಲೇಬೇಡಿ, ಗಿರಾಕಿ ಎಷ್ಟೇ ಅವಸರ ಮಾಡ್ಲಿ.

ಪ್ರಶ್ನೆ: ಬೈಕಿನ ಇಂಡಿಕೇಟರ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದೆ. ಈಗ ಪಟಪಟ ಅಂತ ಭಾರೀ ಸ್ಪೀಡಲ್ಲಿ ಹೊಡ್ಕೊಳ್ತಾ ಇದೆ. ಎಲ್‌ಇಡಿ ಡಿಫೆಕ್ಟ್ ಇದೆ ಅಂತ ವಾಪಸ್ ತಗೊಂಡು ಹೋದ್ರೆ "ಎಲೆಕ್ಟ್ರಿಕಲ್ ಐಟಂ ವಾಪಸ್ ಇಲ್ಲ" ಅಂತ ಬೋರ್ಡ್ ತೋರಿಸ್ತಾರೆ. — ಭಟ್ಕಳ

ಉತ್ತರ: ಎಲ್‌ಇಡಿ ಸರಿ ಇದೆ. ಇಂಡಿಕೇಟರ್ ಮಿಣಕಿಸೋ ಹಳೇ ಫ್ಲಾಶರ್ 10 ವಾಟಿನ ಬಲ್ಬ್ ಎಳೆಯೋ ಕರೆಂಟಿಗೆ ಲೆಕ್ಕ ಹಾಕಿ ಮಾಡಿದ್ದು, ಎಲ್‌ಇಡಿ ತೀರಾ ಕಡಿಮೆ ಎಳೆಯತ್ತೆ, ಹಾಗಾಗಿ ಬಲ್ಬ್ ಹೋಗಿದೆ ಅಂದ್ಕೊಂಡು ಅದು ಜೋರಾಗಿ ಹೊಡ್ಕೊಳ್ಳತ್ತೆ. ಎಲ್‌ಇಡಿಗೆ ಆಗೋ ಫ್ಲಾಶರ್ ಅಂತ ಕೇಳಿ ಹಾಕ್ಸಿ. ಬೋರ್ಡಿನ ಬಗ್ಗೆ ಹೇಳೋದಾದ್ರೆ, ವೈರಿಂಗಲ್ಲಿ ಎಲ್ಲೋ ಶಾರ್ಟ್ ಇದ್ರೆ ಹೊಸ ಐಟಂ ಹಾಕಿದ ಕ್ಷಣದಲ್ಲೇ ಸುಟ್ಟುಹೋಗತ್ತೆ, ಅದು ನಮ್ಮ ಮಾಲಿನ ತಪ್ಪೋ ನಿಮ್ಮ ಗಾಡಿದೋ ಹೇಳೋಕೆ ಬರಲ್ಲ, ಅದಕ್ಕೆ ಆ ಬೋರ್ಡು. ಆದ್ರೆ ಮಾರೋವಾಗಲೇ ಫ್ಲಾಶರ್ ವಿಷ್ಯ ಹೇಳ್ಬೇಕಿತ್ತು.

ಪ್ರಶ್ನೆ: ನಾನು ಕೌಂಟರಲ್ಲಿ ಹೊಸಬ. ಯಾವ ಗಾಡಿ ಅಂತ ಕೇಳಿದ್ರೆ "ಕೆಂಪುದು" ಅಂತಾರೆ, "ಭಾವ ತಗೊಂಡ್ನಲ್ಲ, ಅದೇ ಥರದ್ದು" ಅಂತಾರೆ, ಗೋವಾ ಪಾಸಿಂಗ್ ಗಾಡಿಯವ್ರು ಕೊಂಕಣಿಲಿ ಶುರು ಮಾಡಿ ಹಿಂದಿಲಿ ಮುಗಿಸ್ತಾರೆ. ನೇವಲ್ ಬೇಸಿನವ್ರು ಬಂದ್ರೆ ಪೂರ್ತಿ ಹಿಂದಿ. ಜಾಸ್ತಿ ಜನ "ಹೊರಗೆ ನಿಲ್ಸಿದೀನಿ ನೋಡು" ಅಂತಾರೆ. ತಾಳ್ಮೆ ಹೇಗೆ ಇಟ್ಕೊಳ್ಳೋದು? — ಕಾರವಾರ

ಉತ್ತರ: ಹೊರಗೆ ನಿಲ್ಸಿದೀನಿ ಅಂದ್ರೆ ಹೋಗಿ ನೋಡು ತಮಾ, ಅದಕ್ಕಿಂತ ಸುಲಭ ಯಾವುದಿದೆ. ಭಾಷೆ ತೊಂದರೆ ಅಲ್ಲ, ಬೆರಳು ತೋರಿಸಿದ್ರೆ ಎಲ್ಲರಿಗೂ ತಿಳಿಯತ್ತೆ. ಕೆಂಪುದು ಅಂದವ್ರಿಗೆ ಮೊಬೈಲಲ್ಲಿ ಗಾಡಿ ಫೋಟೋ ಇದ್ಯಾ ಕೇಳು, ಹೊಸ ಗಾಡಿ ಪೂಜೆ ಮಾಡ್ಸಿದ ಫೋಟೋ ಎಲ್ಲರ ಹತ್ರ ಇರತ್ತೆ, ಹೂವಿನ ಹಾರದ ಸಂದೀಲಿ ಮಾಡೆಲ್ ಹೆಸರು ಕಾಣತ್ತೆ. ಸ್ಕೂಟರಿನ ಟಯರ್ ಕೇಳಿದ್ರೆ ಮುಂದಿಂದಾ ಹಿಂದಿಂದಾ ಅಂತ ಕೇಳೋದು ಮರೀಬೇಡ, ಆಕ್ಟಿವಾ 6ಜಿ ಆದ್ರೆ ಮುಂದೆ 12 ಇಂಚು ಹಿಂದೆ 10 ಇಂಚು, ಹಳೇದಕ್ಕೆ ಎರಡೂ ಹತ್ತೇ.

ಒಂದೇ ಒಂದು ಎಚ್ಚರಿಕೆ. ನಮ್ಮಲ್ಲಿ ಒಬ್ಬ ಹುಡುಗ ಹೀಗೇ ಹೊರಗೆ ಹೋಗಿ ನೋಡಿ, ನಿಂತಿದ್ದ ಪಲ್ಸರಿಗೆ ಸರಿಯಾದ ಕ್ಲಚ್ ಪ್ಲೇಟ್ ಸೆಟ್ ಕೊಟ್ಟು ಕಳ್ಸಿದ, ಎರಡನೇ ದಿನ ಗಿರಾಕಿ ಕೆಂಡಾಮಂಡಲ ಆಗಿ ವಾಪಸ್. ಕ್ಲಚ್ ಹೋದ ಗಾಡಿ ಓಡ್ಸ್ಕೊಂಡು ಬನವಾಸಿಯಿಂದ ಶಿರಸಿಗೆ ಯಾರಾದ್ರೂ ಬರ್ತಾರಾ? ಅವ್ರದ್ದು ಮನೆ ಅಂಗಳದಲ್ಲಿ ನಿಂತಿತ್ತು, ಸ್ಪ್ಲೆಂಡರ್. ಹೊರಗೆ ನಿಲ್ಸಿದ್ದು ಭಾವನ ಗಾಡಿ.